ಮೂರು ಕಾಲಿನ ಗ್ಯಾಸ್ ಪೆಟ್ಟಿಗೆ

ಯುಗಾದಿಗೆ ಇನ್ನೂ ಒಂದು ವಾರವಿತ್ತು. ನಮ್ಮ ಯಜಮಾನರು ಅಂಗಳದಲ್ಲಿ ಗೋಣಿಚೀಲ ಹಾಸಿ, ಅದರ ಮೇಲೆ ಗ್ಯಾಸ್ ಪೆಟ್ಟಿಗೆಯನ್ನು ಅಂಗಾತ ಮಲಗಿಸಿ, ಹೆರಿಗೆ ಮಾಡಿಸುವ ಸೂಲಗಿತ್ತಿಯ ಗಾಂಭೀರ್ಯದಲ್ಲಿ ಅದರ ಒಂದು ಕಾಲನ್ನು ಬಿಚ್ಚುತ್ತಿದ್ದರು. ನಾನು ಜಗಲಿಯ ಮೇಲೆ ಕೂತು ಹುರುಳಿ ಕೇರುತ್ತಿದ್ದೆ.

"ಅದ್ರ ಕಾಲು ಯಾಕೆ ಮುರೀತಿದ್ದೀರಿ?" ಅಂದೆ.

"ಮುರೀತಿಲ್ಲ ಕಣಮ್ಮಿ, ಬಿಚ್ತಿದ್ದೀನಿ. ತುದೀಲಿರೋ ರಬ್ಬರ್ ಸವೆದೋಗದೆ. ಹುಣಸೂರ್ಗೆ ಓದಾಗ ಇದನ್ನೇ ತೋರ್ಸಿ ಅಂಥದ್ದೇ ಒಂದು ತತ್ತೀನಿ."

"ಮರಳಲ್ಲಿ ಊರೋ ಕಾಲಿಗೆ ರಬ್ಬರ್ ಯಾತಕ್ಕೆ?"

"ನಿಂಗೆ ಮಿಷನ್ ವಿಚಾರ ತಿಳಿಯಾಕಿಲ್ಲ ಬುಡು."

"ಈ ಸಲ ಇದು ಹೊಳೆತಾವ್ಕೆ ಬಂದ್ರೆ ನಾನು ಬರಾಕಿಲ್ಲ."

"ಒಳ್ಳೇದಾಯ್ತು. ಟ್ರ್ಯಾಕ್ಟರ್‌ನಲ್ಲಿ ಜಾಗ ಆಯ್ತದೆ."

ಕಂಬಕ್ಕೆ ಒರಗಿ ಎಲೆ ಅಡಿಕೆ ಕುಟ್ಟುತ್ತಿದ್ದ ನಮ್ಮತ್ತೆ, ಕುಟ್ಟುವುದನ್ನು ನಿಲ್ಲಿಸದೆ ತೀರ್ಪು ಕೊಟ್ಟರು. "ನೀವಿಬ್ರೂ ಇಲ್ಲೇ ಇರಿ. ನನ್ನೂ ಆ ಪೆಟ್ಟಿಗೇನೂ ಕಳ್ಸಿ. ನಾವಾದ್ರೆ ಬಾಯ್ ಮುಚ್ಕೊಂಡು ಓಗಿ ಬತ್ತೀವಿ."

ಬಿಚ್ಚಿದ ಕಾಲನ್ನು ಯಜಮಾನರು ಬನಿಯನ್ನಿಗೆ ಒರೆಸಿಕೊಂಡರು. "ಭದ್ರವಾಗಿ ಇಟ್ಟು ಬತ್ತೀನಿ" ಎಂದು ಒಳಗೆ ಹೋದರು. ನಾನು ಹುರುಳಿಯಲ್ಲಿದ್ದ ಕಲ್ಲು ಆರಿಸುತ್ತಿದ್ದೆ. ಅವರು ಎತ್ತ ಹೋದರು ಎಂದು ತಲೆ ಎತ್ತಿ ನೋಡಲಿಲ್ಲ. ಗಂಡ ಒಳಗೆ ಹೋದರೆ ಯಾವ ಹೆಂಗಸು ನೋಡುತ್ತಾಳೆ?

ಮಾರನೆಯ ಬೆಳಿಗ್ಗೆ ಹೊಗೆಸೊಪ್ಪಿನ ಸಸಿಮಡಿಗೆ ನೀರು ಹಾಕಲು ಹೋದವರು ಬದುವಿನ ಮೇಲೆ ಕೂತರು, ಏಳಲಿಲ್ಲ. ಪಕ್ಕದಲ್ಲಿ ಕೊಡ ನೆಟ್ಟಗೆ ನಿಂತಿತ್ತು, ಒಂದು ಹನಿಯೂ ಚೆಲ್ಲಿರಲಿಲ್ಲ. ಎದೆ ನಿಂತಿದೆ ಎಂದರು ಪಿರಿಯಾಪಟ್ಟಣದ ಡಾಕ್ಟರು. ಅಳುವ ವಿಷಯ ಇಷ್ಟೇ. ಅದನ್ನು ಮೊದಲೇ ಹೇಳಿ ಮುಗಿಸಿದ್ದೇನೆ, ಏಕೆಂದರೆ ನಾನು ಹೇಳಹೊರಟಿದ್ದು ಗ್ಯಾಸ್ ಪೆಟ್ಟಿಗೆಯ ವಿಚಾರ.

ಹೋದ ವಾರ ಕೆ.ಆರ್. ನಗರದಿಂದ ನಮ್ಮ ದೊಡ್ಡಪ್ಪನ ಮಗ ಫೋನ್ ಮಾಡಿದ್ದ. ಅವನೂ ಅವನ ಗೆಳೆಯರೂ ಹೊಳೆ ದಂಡೆಯಲ್ಲಿ ಡೇರೆ ಹಾಕಿ ಮಲಗುವ ಅಭ್ಯಾಸ ಹಿಡಿದಿದ್ದಾರಂತೆ. ಅಂಥದ್ದೊಂದು ಪೆಟ್ಟಿಗೆ ಕೊಳ್ಳಬೇಕೆಂದಿದ್ದಾರೆ. "ಅಕ್ಕ, ನಿಮ್ಮನೇಲಿ ಅದೆಯಲ್ಲ, ಉಪಯೋಗವಾ ಅದು?" ಎಂದು ಕೇಳಿದ. ಯೋಚಿಸಿ ಹೇಳುತ್ತೇನೆ ಎಂದೆ. ಯೋಚಿಸಲು ಕೂತರೆ ಇಷ್ಟುದ್ದವಾಯಿತು.

ಅದರ ನಿಜವಾದ ಹೆಸರು ಬಾರ್ಬೆಕ್ಯೂ. ನನ್ನ ತಮ್ಮ ನಂಜುಂಡ ಬೀಚನಹಳ್ಳಿಯ ಹತ್ತಿರ, ಕಬಿನಿಯ ಹಿನ್ನೀರಿನ ಒಂದು ರೆಸಾರ್ಟಿನ ಅಡುಗೆಮನೆಯಲ್ಲಿ ಕೆಲಸಕ್ಕಿದ್ದ. ಅಲ್ಲಿಗೆ ಹೊಸ ಪೆಟ್ಟಿಗೆಗಳು ಬಂದಾಗ ಹಳೆಯದೊಂದನ್ನು ಅವನಿಗೆ ಕೊಟ್ಟರು. ಕಪ್ಪಗೆ, ಸೂಟ್‌ಕೇಸಿನಂತೆ ಹಿಡಿಯಿರುವ ಪೆಟ್ಟಿಗೆ. ತೆರೆದರೆ ಒಳಗೆ ಕಬ್ಬಿಣದ ಜಾಲರಿ, ಜಾಲರಿಯ ಕೆಳಗೆ ಬೆಂಕಿ ಬರುವ ತೂತಿನ ಕೊಳವೆ, ಪಕ್ಕದಲ್ಲಿ ಚಿಕ್ಕ ಸಿಲಿಂಡರಿಗೆ ಸಿಕ್ಕಿಸುವ ಪೈಪು, ತಿರುಪಿ ಬಿಗಿಯುವ ನಾಲ್ಕು ಕಾಲು. ನಂಜುಂಡ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ನಮ್ಮೂರಿಗೆ ತಂದ. ನಮ್ಮೂರು ಕಂಪಲಾಪುರದ ಹತ್ತಿರ. ಕಂಡಕ್ಟರು ಅದನ್ನು ಹಾರ್ಮೋನಿಯಂ ಎಂದುಕೊಂಡು ಒಂದು ದೇವರನಾಮ ಹೇಳಿ ಎಂದು ಕೇಳಿದನಂತೆ.

"ಬಾವ, ಇದು ಕ್ಯಾಂಪಿಂಗ್‌ಗೆ ಅಂತ್ಲೇ ಮಾಡಿರೋದು" ಎಂದ ನಂಜುಂಡ.

"ಕ್ಯಾಂಪಿಂಗ್ ಅಂದ್ರೆ ಏನ್ಲಾ?"

"ಪ್ಯಾಟೆಯೋರು ಬಂದು, ಮನೆ ಬುಟ್ಟು ಬಟ್ಟೆ ಗುಡಾರದಲ್ಲಿ ಮಲಗ್ತಾರೆ. ಬಯಲಲ್ಲಿ ಬೇಯ್ಸ್ಕೊಂಡು ತಿಂತಾರೆ. ಸೊಳ್ಳೆ ಕಡುಸ್ಕೊಂಡು ಬೆಳಿಗ್ಗೆ ಎದ್ದು, ಚೆನ್ನಾಗಿತ್ತು ಅಂತ ಬರದು ಓಯ್ತಾರೆ."

ಯಜಮಾನರು ಪೆಟ್ಟಿಗೆಯ ಮುಚ್ಚಳವನ್ನು ತೆರೆದು ಮುಚ್ಚಿದರು. "ಹಂಗಾದ್ರೆ ನಮ್ಮವ್ವ ಹುಟ್ಟಿದಾಗಿಂದ ಕ್ಯಾಂಪಿಂಗ್ ಮಾಡ್ತಾ ಅವ್ಳೆ. ನಮಗೆ ಗೊತ್ತೇ ಇರ್ಲಿಲ್ಲ" ಎಂದರು.

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನಮ್ಮತ್ತೆಯ ತವರು ಹೆಗ್ಗಡದೇವನಕೋಟೆ ಕಡೆಯ ಒಂದು ಹಳ್ಳಿ. ಕಬಿನಿಗೆ ಅಣೆಕಟ್ಟು ಕಟ್ಟಿದ ಮೇಲೆ ಅದು ನೀರಿನಡಿಗೆ ಹೋಯಿತು. ಊರಿನವರು ಸಾಮಾನು ಸರಂಜಾಮು, ದನ ಕರು, ಬಾಗಿಲು ಚೌಕಟ್ಟು ಎಲ್ಲ ಕಿತ್ತುಕೊಂಡು ಬೇರೆ ಕಡೆ ಹೋದರು. ಹೊಲದ ಮೂಲೆಯ ಮುನಿಯಪ್ಪನ ಕಲ್ಲು ಮಾತ್ರ ಅಲ್ಲೇ ಉಳಿಯಿತು. ಗಾಡಿ ಕಟ್ಟಿದ ಹೊತ್ತಿಗೆ ದೇವರು ನಿದ್ದೆಯಲ್ಲಿದ್ದ ಎಂದು ಕಾಣುತ್ತದೆ. ಹಾಗಾಗಿ ಅವನು ವರ್ಷದ ಬಹುಪಾಲು ನೀರೊಳಗೆ ಇರುತ್ತಾನೆ, ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಮೈಯೆಲ್ಲ ಕೆಸರು ಮಾಡಿಕೊಂಡು, ಎಮ್ಮೆ ಎದ್ದು ಬಂದಂತೆ ಎದ್ದು ಬರುತ್ತಾನೆ. ಆಗ ನಾವು ಯುಗಾದಿ ಕಳೆದ ಮೇಲಿನ ಭಾನುವಾರ ಟ್ರ್ಯಾಕ್ಟರ್ ಹತ್ತಿ ಹೋಗಿ, ಅವನ ಮೈ ತೊಳೆದು, ಕೋಳಿ ಕುಯ್ದು, ಅಲ್ಲೇ ಬೇಯಿಸಿ ಎಡೆ ಇಟ್ಟು, ಅಲ್ಲೇ ಉಣ್ಣಬೇಕು. ಇದಕ್ಕೆ ನಮ್ಮ ಕಡೆ ಪರ ಎನ್ನುತ್ತಾರೆ.

ಪರವನ್ನು ಎಲ್ಲರೂ ಮಾಡುತ್ತಾರೆ. ಅತ್ತೆಯ ತವರಿನವರದು ಇನ್ನೊಂದು ಪದ್ಧತಿ ಹೆಚ್ಚಿಗೆ ಇತ್ತು. ಮುನಿಯಪ್ಪನ ಮುಂದೆ ಹಚ್ಚಿದ ಒಲೆಗೆ ನೀರು ಹಾಕಬಾರದು, ಮಣ್ಣು ಮುಚ್ಚಬಾರದು. ಅದು ತಾನಾಗಿಯೇ ಆರಬೇಕು. ಆರುವತನಕ ಹಚ್ಚಿದ ಮನೆಯವರು ಜಾಗ ಬಿಟ್ಟು ಏಳಬಾರದು. ಯಾರೋ ಪುಣ್ಯಾತ್ಮರು ಕಾಡುಕಿಚ್ಚಿನ ಭಯಕ್ಕೆ ಮಾಡಿದ ಕಟ್ಟಳೆ ಇರಬೇಕು. ನಮ್ಮ ಯಜಮಾನರ ಕೈಯಲ್ಲಿ ಅದು ಬೇರೆ ರೂಪ ತಾಳಿತ್ತು. ಅವರು ವರ್ಷವೆಲ್ಲ ಹುಡುಕಿ ಒಂದು ಹುಣಸೆ ಬೊಡ್ಡೆಯನ್ನೋ ಜಾಲಿಯ ಬೇರನ್ನೋ ಮುನಿಯಪ್ಪನ ಹೆಸರಿಗೆ ಎತ್ತಿಡುತ್ತಿದ್ದರು. ಅಡುಗೆ ಮುಗಿದ ಮೇಲೆ ಅದನ್ನು ಒಲೆಗೆ ದೂಡುತ್ತಿದ್ದರು. ಆ ಬೊಡ್ಡೆ ಬೆಳಗಿನ ತನಕ ಆರುತ್ತಿರಲಿಲ್ಲ. ಒಲೆ ಆರದೆ ಏಳುವಂತಿಲ್ಲ. ಎಲ್ಲರೂ ಕಂಬಳಿ ಹೊದ್ದು ಅಲ್ಲೇ ಬಿದ್ದಿರಬೇಕು.

"ಏನ್ ಮಾಡಕಾಯ್ತದೆ, ಕಟ್ಟಳೆ" ಎನ್ನುತ್ತಿದ್ದರು ಮುಖ ಸಪ್ಪಗೆ ಮಾಡಿಕೊಂಡು.

ಹೊಗೆಸೊಪ್ಪು ಬೆಳೆಯುವವರ ಮನೆಯನ್ನು ನೀವು ನೋಡಿದ್ದರೆ ಆ ಒಂದು ರಾತ್ರಿಯ ಬೆಲೆ ನಿಮಗೆ ತಿಳಿಯುತ್ತದೆ. ನಾಟಿ, ಕಳೆ, ಸೊಪ್ಪು ಮುರಿಯುವುದು, ಕಡ್ಡಿಗೆ ಕಟ್ಟುವುದು, ಬ್ಯಾರನ್ನಿಗೆ ಏರಿಸುವುದು. ಬ್ಯಾರನ್ ಎಂದರೆ ಸೊಪ್ಪನ್ನು ಬಿಸಿಯಲ್ಲಿ ಒಣಗಿಸುವ ಎತ್ತರದ ಕಿಟಕಿಯಿಲ್ಲದ ಮನೆ. ಅದರ ಒಲೆಗೆ ಸೌದೆ ಹಾಕುತ್ತಾ ಹಗಲೂ ರಾತ್ರಿ ಒಬ್ಬರಲ್ಲ ಒಬ್ಬರು ಕಾಯಬೇಕು. ನಾನು ಮಲಗಿದಾಗ ಅವರು ಎದ್ದಿರುತ್ತಿದ್ದರು, ಅವರು ಮಲಗಿದಾಗ ನಾನು. ಮದುವೆಯಾದ ಹೊಸದರಲ್ಲಿ ಗಂಡನ ಮುಖಕ್ಕಿಂತ ಹೆಚ್ಚಾಗಿ ಗಂಡನ ಕಂಬಳಿಯ ಪರಿಚಯ ನನಗಾಗಿತ್ತು. ಬೇಸಾಯವಿಲ್ಲದ, ಬೆಂಕಿ ಕಾಯುವ ಜವಾಬ್ದಾರಿಯಿಲ್ಲದ, ಮನೆಯವರೆಲ್ಲ ಒಟ್ಟಿಗೆ ಕೂತು ಸುಮ್ಮನೆ ಜಗಳವಾಡುವ ರಾತ್ರಿ ಎಂದರೆ ಮುನಿಯಪ್ಪನದೊಂದೇ.

ಪೆಟ್ಟಿಗೆ ಮೊದಲ ಸಲ ನಮ್ಮ ಜೊತೆ ಹೊಳೆಗೆ ಬಂದ ವರ್ಷದ ಕತೆ ಹೇಳಬೇಕು. ಆ ವರ್ಷ ದೇವರ ಎಡೆಯ ಸಾರಿಗೆ ಮೂರು ಕಲ್ಲಿನ ಒಲೆ, ನಮ್ಮ ಬಾಯಿಗೆ ಪೆಟ್ಟಿಗೆ ಎಂದು ಒಪ್ಪಂದವಾಗಿತ್ತು. ನಂಜುಂಡ ಕೋಳಿಕಾಲುಗಳಿಗೆ ಮಸಾಲೆ ಹಚ್ಚಿ, "ಬಾವ, ಉರಿ ಜೋರಾಗಿಡಿ, ಆಗಾಗ ಮಗುಚಾಕಿ, ಬೇಗ ಆಯ್ತದೆ" ಎಂದು ಹೇಳಿ ಈಜಲು ಹೋದ. ಹೇಳಿದ್ದು ಯಾರಿಗೆ? ಇಪ್ಪತ್ತು ವರ್ಷ ಬ್ಯಾರನ್ ಉರಿಸಿದವರಿಗೆ. ಅಡುಗೆಮನೆಯ ಹುಡುಗನ ಮಾತನ್ನು ಅವರು ಕೇಳುತ್ತಾರೆಯೇ?

ಯಜಮಾನರು ಮುಚ್ಚಳ ಮುಚ್ಚಿದರು. ಉರಿಯನ್ನು ಸಣ್ಣಗೆ ಮಾಡಿದರು. ಮನೆಯಿಂದ ಬ್ಯಾರನ್ನಿನ ಥರ್ಮಾಮೀಟರನ್ನು ಟವಲಿನಲ್ಲಿ ಸುತ್ತಿ ತಂದಿದ್ದರು, ಅದನ್ನು ಪೆಟ್ಟಿಗೆಯ ಹಿಡಿಗೆ ದಾರ ಕಟ್ಟಿ ನೇತುಹಾಕಿದರು. ನಾನು ಮುಚ್ಚಳ ತೆಗೆಯಲು ಹೋದರೆ ಕೈಗೆ ಹೊಡೆದರು.

"ಬಾಗ್ಲು ತಗೀಬ್ಯಾಡ, ಬಣ್ಣ ಕೆಡ್ತದೆ."

"ಕೋಳಿಗೆ ಯಾತರ ಬಣ್ಣ?"

"ಎಲ್ಲಾ ಒಂದೇಯ. ಮೊದ್ಲು ಬಣ್ಣ ಬರ್ಸಬೇಕು. ಆಮೇಲೆ ತೊಗಲು ಒಣಗ್ಸಬೇಕು. ಕೊನೇಲಿ ಮೂಳೆ. ಒಂದೇ ಸಲ ಶಾಖ ಕೊಟ್ರೆ ಸೊಪ್ಪು ಕಪ್ಪಾಯ್ತದೆ."

"ಅದು ಸೊಪ್ಪಲ್ಲ."

"ನಿನ್ನ ಬಾಯಿ ಬುಟ್ಟು ಮಿಕ್ಕಿದ್ದೆಲ್ಲ ಸೊಪ್ಪೇಯ."

ಹೊತ್ತು ನೆತ್ತಿಯಿಂದ ಇಳಿಯಿತು. ನಂಜುಂಡ ಈಜಿ ಬಂದ, ಮೈ ಒಣಗಿಸಿಕೊಂಡ, ಮತ್ತೆ ಈಜಲು ಹೋದ. ಜೊತೆಗೆ ಬಂದಿದ್ದ ನೆಂಟರ ಮಕ್ಕಳು ದೇವರ ಎಡೆಯ ಮೇಲೆ ಕಣ್ಣಿಟ್ಟಿದ್ದರು. ನನ್ನ ಮೈದುನ ಚಿಕ್ಕಸ್ವಾಮಿ ಪೆಟ್ಟಿಗೆಯ ಸುತ್ತ ಪ್ರದಕ್ಷಿಣೆ ಬಂದು ಕೈ ಮುಗಿದ. ಅತ್ತೆ ಮುದ್ದೆಯನ್ನು ಈರುಳ್ಳಿ ನಂಚಿಕೊಂಡು ತಿಂದು ಮುಗಿಸಿದರು. ಸೂರ್ಯ ಆಚೆ ದಂಡೆಗೆ ಮುಟ್ಟುವ ಹೊತ್ತಿಗೆ ಯಜಮಾನರು ಥರ್ಮಾಮೀಟರ್ ನೋಡಿ, ಕೈ ಒರೆಸಿಕೊಂಡು, ಮುಚ್ಚಳ ಎತ್ತಿದರು.

ಬಣ್ಣ ನಿಜಕ್ಕೂ ಬಂದಿತ್ತು. ಅಂಥ ಹೊಂಬಣ್ಣವನ್ನು ನಾನು ಯಾವ ಕೋಳಿಯಲ್ಲೂ ನೋಡಿಲ್ಲ. ಬೆರಳಿನಿಂದ ತಟ್ಟಿದರೆ ಟಕ್ ಎನ್ನುತ್ತಿತ್ತು.

ಚಿಕ್ಕಸ್ವಾಮಿ ಒಂದು ಕಾಲನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದ. "ಅಣ್ಣ, ಇದನ್ನ ತಿನ್ನೋದು ಪಾಪ. ಬೇಲ್ ಕಟ್ಟಿ ಹೊಗೆಸೊಪ್ಪಿನ ಹರಾಜಿಗೆ ಹಾಕನ. ಒಳ್ಳೆ ಗ್ರೇಡ್ ಸಿಕ್ತದೆ" ಎಂದ.

ಅತ್ತೆ ಒಂದು ಚೂರನ್ನು ಬಾಯಿಗೆ ಹಾಕಿಕೊಂಡು ತುಂಬಾ ಹೊತ್ತು ಅಗಿದರು. ಎಲ್ಲರೂ ಅವರ ಮುಖ ನೋಡುತ್ತಿದ್ದೆವು. ಕೊನೆಗೆ ಸೊಂಟದ ಚೀಲದಿಂದ ಸುಣ್ಣದ ಡಬ್ಬಿ ತೆಗೆದು, "ಚೂರು ಸುಣ್ಣ ಅಚ್ಕೊಂಡ್ರೆ ಸರಿಯಾಯ್ತದೆ ಕಣಪ್ಪ" ಎಂದರು.

ಯಜಮಾನರು ಮಾತ್ರ ಎರಡು ಕಾಲನ್ನು ಹಟಕ್ಕೆ ತಿಂದರು. ಆ ವಾರವೆಲ್ಲ ದವಡೆ ನೋವು ಎಂದು ಗಂಜಿ ಕುಡಿದರು. ಉಪ್ಪು ಕಡಿಮೆಯಾಗಿತ್ತು, ಅದಕ್ಕೇ ಹಾಗಾಯಿತು ಎಂದು ನನ್ನ ಮೇಲೆ ಹಾಕಿದರು.

ಇಷ್ಟಾದರೂ ಪೆಟ್ಟಿಗೆಯ ಮೇಲಿನ ಮೋಹ ಅವರಿಗೆ ಹೋಗಲಿಲ್ಲ. ನಿನ್ನ ಕಣ್ಣಿಗೆ ಹೊಗೆ ಬೀಳಬಾರದು ಎಂದೇ ಇದನ್ನು ಇಟ್ಟುಕೊಂಡಿದ್ದೇನೆ ಎಂದು ಬಂದವರ ಮುಂದೆ ಹೇಳುತ್ತಿದ್ದರು. ನಂಬಬೇಡಿ. ಹಾಗೆ ಹೇಳುತ್ತಲೇ ಅದರ ಉರಿಗೆ ಬೀಡಿ ಹಚ್ಚಿ ಹೊಗೆಯನ್ನು ನನ್ನ ಮುಖಕ್ಕೇ ಬಿಡುತ್ತಿದ್ದರು.

ಆ ಕೊನೆಯ ವರ್ಷ ಅವರ ವಾದ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿತ್ತು. ಸೌದೆ ಸಿಗುವುದು ಕಷ್ಟವಾಗಿತ್ತು. ಬ್ಯಾರನ್ನಿಗೇ ಸಾಲದು, ಮುನಿಯಪ್ಪನಿಗೆ ಬೊಡ್ಡೆ ಎಲ್ಲಿಂದ ತರಲಿ, ಈ ಸಲ ದೇವರಿಗೂ ನಮಗೂ ಪೆಟ್ಟಿಗೆ ಒಂದೇ ಎಂದು ಹಟ ಹಿಡಿದಿದ್ದರು. ಕಾಲು ಬಿಚ್ಚಿದ ದಿನ ಸಂಜೆ ಊಟಕ್ಕೆ ಕೂತಾಗಲೂ ಅದೇ ಮಾತು.

"ಒಲೆ ಆರೋಗಂಟ ಏಳಬಾರ್ದು ಅಂತಲ್ವಾ ನಾವು ರಾತ್ರಿ ಅಲ್ಲಿರೋದು?" ಎಂದೆ. "ಇದನ್ನ ತಿರುಗ್ಸಿದ್ರೆ ಆರೋಯ್ತದೆ. ಆಮೇಲೆ ಅಲ್ಲಿ ಏನು ಕಡಿಯಕ್ಕೆ ಕೂತಿರೋದು? ಎದ್ದು ಮನೆಗೆ ಬರೋದೇಯ."

ಅವರು ಮುದ್ದೆ ಮುರಿಯುವುದನ್ನು ನಿಲ್ಲಿಸಿದರು. ಈ ತೊಡಕು ಅವರಿಗೆ ಹೊಳೆದಿರಲಿಲ್ಲ. ಸಾರಿನಲ್ಲಿ ಬೆರಳಾಡಿಸುತ್ತಾ ಕೂತು, ಆಮೇಲೆ ಮುಖ ಅರಳಿಸಿದರು.

"ಆರ್ಸೋದು ಯಾಕೆ? ಸಿಮ್ಮಲ್ಲಿ ಇಟ್ಕೊಂಡು ಕೂರನ."

"ಬೆಳಗಾಗೋಗಂಟ?"

"ಗ್ಯಾಸ್ ಮುಗಿಯೋಗಂಟ. ಅದೂ ತಾನಾಗೇ ಆರ್ದಂಗೇ ಅಲ್ವಾ?"

ಅತ್ತೆ ನಕ್ಕು ನೀರು ನೆತ್ತಿಗೇರಿಸಿಕೊಂಡರು. ಗ್ಯಾಸನ್ನು ದಂಡ ಮಾಡಿ ದೇವರನ್ನು ಏಮಾರಿಸುವ ನಿಮ್ಮಂಥವರನ್ನು ಕಂಡಿಲ್ಲ ಎಂದು ನಾನು ಬೈದೆ. ತಟ್ಟೆ ತೊಳೆದು ಮಲಗಿದೆವು. ವಾದ ತೀರ್ಮಾನವಾಗಿರಲಿಲ್ಲ.

ಬೆಳಗಾದ ಮೇಲೆ ಆದದ್ದನ್ನು ಆಗಲೇ ಹೇಳಿದ್ದೇನೆ. ಊರಿನವರೆಲ್ಲ ಬಂದು ಮಾಡಬೇಕಾದ್ದನ್ನು ಮಾಡಿದರು. ಹನ್ನೊಂದನೆಯ ದಿನದ ತಿಥಿಗೆ, ಹೋದವರಿಗೆ ಇಷ್ಟವಾದದ್ದನ್ನೆಲ್ಲ ಎಡೆಗೆ ಇಡಬೇಕು. ಮುದ್ದೆ, ಕೋಳಿಸಾರು, ಹುರುಳಿ ಬಸ್ಸಾರು, ಬೀಡಿ ಕಟ್ಟು, ಬೆಂಕಿಪೊಟ್ಟಣ, ಒಂದು ಕಾಲು ಶೀಶೆ ಬ್ರಾಂದಿ. ಚಿಕ್ಕಸ್ವಾಮಿ ಅತ್ತು ಅತ್ತು ಕಣ್ಣು ಊದಿಸಿಕೊಂಡಿದ್ದ. ಒಳಮನೆಗೆ ಬಂದು ನನ್ನ ಕಿವಿಯಲ್ಲಿ, "ಅತ್ತಿಗೆ, ಅಣ್ಣನ ಪೆಟ್ಟಿಗೇಲಿ ಒಂದು ಕೋಳಿಕಾಲು ಬೇಯ್ಸಿ ಇಡನಾ?" ಎಂದ.

"ಬ್ಯಾಡ ಕಣಪ್ಪ. ಕಾಗೆ ಮುಟ್ಟಾಕಿಲ್ಲ. ಆಮೇಲೆ ಅವ್ರಿಗೆ ಏನೋ ಆಸೆ ಉಳ್ಕೊಂಡದೆ ಅಂತ ಊರೋರು ಕತೆ ಕಟ್ತಾರೆ."

"ಮುಟ್ಟಿದ್ರೆ ಕಾಗೆ ಕೊಕ್ಕು ಮುರ್ದೋದಾತು" ಎಂದ ಅವನು.

ಅಷ್ಟಕ್ಕೇ ನಮಗೆ ನಗು ಬಂತು. ತಡೆಯಲು ಆಗಲಿಲ್ಲ. ಅವನು ಟವಲಿನಲ್ಲಿ, ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು, ಗೋಡೆ ಕಡೆ ತಿರುಗಿ ಮೈ ಕುಲುಕಿಸುತ್ತಾ ನಿಂತೆವು. ಹಾರನಹಳ್ಳಿಯಿಂದ ಬಂದಿದ್ದ ಮುದುಕಿಯೊಬ್ಬರು ಅದನ್ನು ನೋಡಿ, ಒಳಗೆ ಬಂದು, ನನ್ನ ಬೆನ್ನು ಸವರುತ್ತಾ, "ಅಳಬ್ಯಾಡ ಕಣವ್ವ, ಅಳಬ್ಯಾಡ. ಇನ್ನೆಷ್ಟು ಅಂತ ಅಳ್ತೀಯ" ಎಂದರು. ಅವರು ಹಾಗೆ ಸವರಿದ ಮೇಲೆ ಅದು ನಿಜವಾಗಿಯೂ ಅಳುವೇ ಆಯಿತು. ಯಾವಾಗ ಆಯಿತೋ ನನಗೆ ಗೊತ್ತಾಗಲಿಲ್ಲ.

ಹೊರಗೆ ಕಾಗೆ ಬಂದು ಮೊದಲು ಬ್ರಾಂದಿಯ ಲೋಟ ಉರುಳಿಸಿತು. ಅವರೇ ಬಂದದ್ದು ಎಂದು ಎಲ್ಲರೂ ಕೈ ಮುಗಿದರು.

ಇನ್ನು ಆ ಕಾಲಿನ ವಿಷಯ. ನಮ್ಮ ಯಜಮಾನರಿಗೆ ಒಂದು ಕಾಯಿಲೆ ಇತ್ತು. ವಸ್ತುಗಳನ್ನು ಭದ್ರವಾಗಿ ಇಡುವುದು. ಅವರು ಎಲ್ಲೆಂದರಲ್ಲಿ ಎಸೆದದ್ದು ಸಿಗುತ್ತಿತ್ತು, ಭದ್ರವಾಗಿ ಇಟ್ಟದ್ದು ಸಿಗುತ್ತಿರಲಿಲ್ಲ. ಬ್ಯಾರನ್ನಿನ ಥರ್ಮಾಮೀಟರ್ ಒಂದು ಸಲ ರಾಗಿಯ ವಾಡೆಯೊಳಗೆ ಹೋಗಿ ಕೂತಿತ್ತು, ರಾಗಿ ಖಾಲಿಯಾದಾಗಲೇ ಅದು ಕಂಡದ್ದು. ಪಂಪಿನ ಮನೆಯ ಬೀಗದಕೈ ಪಂಪಿನ ಮನೆಯ ಒಳಗಿತ್ತು, ಬಾಗಿಲಿಗೆ ಹೊರಗಿನಿಂದ ಬೀಗವಿತ್ತು. ಇದು ಹೇಗೆ ಸಾಧ್ಯ ಎಂದು ಇವತ್ತಿಗೂ ಯಾರೂ ಬಿಡಿಸಿ ಹೇಳಿಲ್ಲ.

ಮೈಲಿಗೆ ಕಳೆದ ಮೇಲೆ ನಾನು ಆ ಕಾಲನ್ನು ಹುಡುಕಲು ಶುರು ಮಾಡಿದೆ. ಪೆಟ್ಟಿಗೆ ಬೇಕಾಗಿತ್ತು ಎಂದಲ್ಲ. ಹೆಂಗಸು ಸುಮ್ಮನೆ ಕೂತರೆ ಜನ ಬಂದು ಸಮಾಧಾನ ಹೇಳುತ್ತಾರೆ. ಏನೋ ಹುಡುಕುತ್ತಿದ್ದರೆ ಹೇಳುವುದಿಲ್ಲ. ಸೂರಿನ ಸಂದಿ, ಕಾಳು ತುಂಬುವ ಹಗೇವಿನ ಬಾಯಿ, ದೇವರ ಪಟದ ಹಿಂದೆ, ಸೊಪ್ಪು ಕಟ್ಟುವ ಕಡ್ಡಿಗಳ ರಾಶಿ, ಎಲ್ಲ ಕಡೆ ಕೈ ಹಾಕಿದೆ. ಕರು ಕಟ್ಟುವ ಮನೆಯಲ್ಲಿ ಅರ್ಧ ಕಟ್ಟು ಬೀಡಿ ಸಿಕ್ಕಿತು. ಬಿಟ್ಟೇಬಿಟ್ಟೆ ಎಂದು ನನ್ನ ತಲೆ ಮುಟ್ಟಿ ಆಣೆ ಮಾಡಿದ್ದ ತಿಂಗಳಿನದು. ನನ್ನ ಓಲೆಯ ತಿರುಪು, ಕಾಗದದಲ್ಲಿ ಸುತ್ತಿ ದಾರ ಕಟ್ಟಿದ್ದು, ಗೂಡಿನಲ್ಲಿ ಸಿಕ್ಕಿತು. ಅದನ್ನು ಕಳೆದೆ ಎಂದು ಒಂದು ಹಬ್ಬವೆಲ್ಲ ನನ್ನನ್ನು ಬೈದಿದ್ದರು. ಸಿಕ್ಕಾಗಲೆಲ್ಲ ತಿರುಗಿ ಬೈಯಲು ಬಾಯಿ ತೆರೆದೆ, ಮುಚ್ಚಿದೆ.

ಕಾಲು ಸಿಗಲಿಲ್ಲ.

ಆ ವರ್ಷ ಪರ ನಡೆಯಲಿಲ್ಲ. ಮುನಿಯಪ್ಪ ನೀರಿನಿಂದ ಎದ್ದು, ಯಾರೂ ಬಾರದ್ದನ್ನು ನೋಡಿ, ಮತ್ತೆ ಮುಳುಗಿದ. ಮರುವರ್ಷ ಯುಗಾದಿ ಹತ್ತಿರ ಬಂದಾಗ ಚಿಕ್ಕಸ್ವಾಮಿ ಬಂದು ಜಗಲಿಯ ಅಂಚಿನಲ್ಲಿ ಕೂತ.

"ಅತ್ತಿಗೆ, ಈ ಸಲ ಮುನಿಯಪ್ಪನತಾವ್ಕೆ ಓಗ್ಲೇಬೇಕು. ಆದ್ರೆ ಸೌದೆ ಗೀದೆ ಬ್ಯಾಡ. ಅಣ್ಣನ ಪೆಟ್ಟಿಗೆ ತಕಂಡೋಗನ. ಬೇಯ್ಸನ, ಎಡೆ ಇಕ್ಕನ, ಉಣ್ಣನ. ತಿರುಗ್ಸಿ ಆರ್ಸಿ ಸಂಜೆಗೆ ಮನೆ ಸೇರ್ಕಳನ. ಸಸಿಮಡಿ ನೋಡ್ಕಳಕ್ಕೂ ನಾನೊಬ್ನೇ ಈಗ. ರಾತ್ರಿಯೆಲ್ಲ ಅಲ್ಲಿ ಒಲೆ ಕಾಯಕ್ಕೆ ಯಾರವ್ರೆ?"

ಅವನು ಹೇಳಿದ್ದರಲ್ಲಿ ಒಂದು ಮಾತೂ ತಪ್ಪಿರಲಿಲ್ಲ. ಅದೇ ನನಗೆ ಕಷ್ಟವಾದದ್ದು. ಒಂದು ವರ್ಷದ ಹಿಂದೆ ನಾನೇ ಈ ವಾದ ಹೂಡಿದ್ದೆ, ಪೆಟ್ಟಿಗೆ ಬಂದರೆ ರಾತ್ರಿ ಹೋಗುತ್ತದೆ ಎಂದು. ಪದ್ಧತಿಯನ್ನು ಒಂದು ಸಲ ಮೊಟಕು ಮಾಡಿದರೆ ಅದು ಮತ್ತೆ ಬೆಳೆಯುವುದಿಲ್ಲ, ಕೋಳಿಯ ಪುಕ್ಕವಲ್ಲ ಅದು. ಈ ಸಲ ಸಂಜೆಗೆ ವಾಪಸಾದರೆ ಬರುವ ವರ್ಷ ಮಧ್ಯಾಹ್ನಕ್ಕೇ ವಾಪಸು. ಅದರ ಮುಂದಿನ ವರ್ಷ ಯಾರೋ ಒಬ್ಬರು ಬೈಕಿನಲ್ಲಿ ಹೋಗಿ ತೆಂಗಿನಕಾಯಿ ಒಡೆದು ಬರುತ್ತಾರೆ. ಅತ್ತೆಯ ಕಡೆ ನೋಡಿದೆ. ಅವರು ಕುಟ್ಟಾಣಿಯನ್ನು ಹಿಡಿದುಕೊಂಡಿದ್ದರು, ಕುಟ್ಟುತ್ತಿರಲಿಲ್ಲ.

ಪೆಟ್ಟಿಗೆ ಬೇಡ, ಸೌದೆಯೇ ಇರಲಿ ಎಂದು ನಾನು ಹೇಳಬಹುದಿತ್ತು. ಹೇಳಿದರೆ ಸೌದೆ ಹೊರುವವನು ಚಿಕ್ಕಸ್ವಾಮಿ, ರಾತ್ರಿ ಏಳುವವನೂ ಅವನೇ. ಬರುವ ವರ್ಷ ಅವನು ಜಗಲಿಯ ಅಂಚಿಗೂ ಬಂದು ಕೂರುವುದಿಲ್ಲ. "ಆಗ್ಲಿ, ಪೆಟ್ಟಿಗೇನೇ ತಕಂಡೋಗನ" ಎಂದೆ. ಟ್ರ್ಯಾಕ್ಟರಿಗೆ ಸಾಮಾನು ಹಾಕುವಾಗ ಕಂಬಳಿಗಳನ್ನೂ ಸುತ್ತಿ ಪಾತ್ರೆಯ ಮೂಟೆಯ ಕೆಳಗೆ ತಳ್ಳಿದೆ.

"ಕಂಬಳಿ ಯಾತಕ್ಕೆ ಅತ್ತಿಗೆ?" ಎಂದ ಚಿಕ್ಕಸ್ವಾಮಿ.

"ಕೂರಕ್ಕೆ ಮೆತ್ತಗಿರಲ್ವಾ" ಎಂದೆ.

ಹೊಳೆ ದಂಡೆಯಲ್ಲಿ ಪೆಟ್ಟಿಗೆ ನಿಲ್ಲಲಿಲ್ಲ. ಮೂರು ಕಾಲಿನ ಮೇಲೆ ಕುಡಿದವನಂತೆ ಒಂದು ಕಡೆಗೆ ವಾಲಿತು. ನಂಜುಂಡ ಅತ್ತಿತ್ತ ನೋಡಿ, ಮುನಿಯಪ್ಪನ ಪಕ್ಕದಲ್ಲಿ ಬಿದ್ದಿದ್ದ ಒಂದು ಉದ್ದನೆಯ ಕಲ್ಲನ್ನು ತಂದು ಕೊಟ್ಟ.

"ಲೇ, ಅದು ಅವನ ತಮ್ಮ ಇರಬೋದು ಕಣ್ಲಾ" ಎಂದರು ಅತ್ತೆ.

"ಇದ್ರೆ ಇರ್ಲಿ ಬುಡಿ ಅತ್ತೆ, ಅಣ್ಣನ ಕೆಲಸಕ್ಕೆ ತಮ್ಮ ಆಗ್ದೆ ಇನ್ಯಾರು ಆಯ್ತಾರೆ" ಎಂದ ನಂಜುಂಡ. ಚಿಕ್ಕಸ್ವಾಮಿ ಆ ಕಲ್ಲನ್ನು ತೆಗೆದುಕೊಂಡು ಪೆಟ್ಟಿಗೆಯ ಕೆಳಗೆ ಕೂರಿಸಿದ.

ಈ ಸಲ ನಂಜುಂಡನೇ ಬೇಯಿಸಿದ. ಜೋರು ಉರಿ, ಆಗಾಗ ಮಗುಚಿದ, ಬೇಗ ಆಯಿತು. ಕೋಳಿ ಮೆತ್ತಗೆ, ಹದವಾಗಿ, ಎಲ್ಲರೂ ಮೆಚ್ಚುವಂತಿತ್ತು. ಯಾರೂ ಮೆಚ್ಚಲಿಲ್ಲ. ಎಡೆ ಇಟ್ಟು, ಉಂಡು, ಕೈ ತೊಳೆದೆವು. ಬಿಸಿಲು ಇನ್ನೂ ಇತ್ತು. ಸಿಲಿಂಡರನ್ನು ಆ ವಾರವಷ್ಟೇ ತುಂಬಿಸಿದ್ದರಿಂದ ನೀಲಿ ಉರಿ ಖಾಲಿ ಜಾಲರಿಯ ಕೆಳಗೆ ಸುಮ್ಮನೆ ಉರಿಯುತ್ತಿತ್ತು. ಚಿಕ್ಕಸ್ವಾಮಿ ಟ್ರ್ಯಾಕ್ಟರಿನ ಕಡೆ ಒಂದು ಸಲ ನೋಡಿ, ಪೆಟ್ಟಿಗೆಯ ಗುಂಡಿಗೆ ಕೈ ಹಾಕಿದ.

"ಆರ್ಸಬ್ಯಾಡ" ಎಂದರು ಅತ್ತೆ.

"ನೀರು ಹಾಕ್ತಿಲ್ಲ ಕಣವ್ವ, ತಿರುಗ್ಸೋದು."

"ಎರಡೂ ಒಂದೇಯ. ಕೈ ತಗಿ." ಆಮೇಲೆ, ಹುಟ್ಟಿದಾಗಿನಿಂದ ಆ ಮಾತನ್ನೇ ಆಡಿಕೊಂಡು ಬಂದವರಂತೆ, "ಸಿಮ್ಮಲ್ಲಿ ಇಡು" ಎಂದರು.

ಚಿಕ್ಕಸ್ವಾಮಿ ನನ್ನ ಮುಖ ನೋಡಿದ. ನಾನು ಎದ್ದು ಪಾತ್ರೆಯ ಮೂಟೆ ಸರಿಸಿ ಕಂಬಳಿಗಳನ್ನು ಹೊರಗೆ ತೆಗೆದೆ.

"ಸಸಿಮಡಿ?" ಎಂದ.

"ನಾಳೆ ನಾನೂ ಬತ್ತೀನಿ ನೀರಾಕಕ್ಕೆ" ಎಂದೆ. ಆ ಬದುವಿನ ಕಡೆ ನಾನು ಹೋಗಿ ಒಂದು ವರ್ಷವಾಗಿತ್ತು. ಅವನಿಗೂ ಅದು ಗೊತ್ತಿತ್ತು. ಗುಂಡಿಯನ್ನು ಸಣ್ಣಕ್ಕೆ ತಿರುಗಿಸಿ ಕೂತ.

ಬೊಡ್ಡೆಯ ಬೆಂಕಿಯ ಸುತ್ತ ಕೂರುವುದಕ್ಕೂ ಸಿಮ್ಮಿನ ಸುತ್ತ ಕೂರುವುದಕ್ಕೂ ವ್ಯತ್ಯಾಸವಿದೆ. ಅದರಲ್ಲಿ ಚಿಟಿಚಿಟಿ ಸದ್ದಿಲ್ಲ, ಕಿಡಿಯಿಲ್ಲ, ಬೆಳಕೂ ಇಲ್ಲ. ಮದುವೆ ಮನೆಯಲ್ಲಿ ಹೆಣ್ಣಿನ ಕಡೆಯವರು ಬರುವುದನ್ನು ಕಾಯುತ್ತಾ ಕೂತವರಂತೆ ಕಾಣುತ್ತಿದ್ದೆವು. ಗಾಳಿಗೆ ಉರಿ ಆರೀತೆಂದು ನಂಜುಂಡ ಅದಕ್ಕೆ ಬೆನ್ನು ಕೊಟ್ಟು ಕೂತ. ಆಚೆ ದಂಡೆಯ ರೆಸಾರ್ಟಿನಲ್ಲಿ ದೀಪ ಹೊತ್ತಿದವು. ಅಲ್ಲಿಯ ಗುಡಾರಗಳಲ್ಲಿ ಮಲಗಿದವರು ಯಾರಾದರೂ ಇತ್ತ ನೋಡಿದ್ದರೆ, ಒಂದು ಸೂಟ್‌ಕೇಸನ್ನು ನಡುವೆ ಇಟ್ಟುಕೊಂಡು ಈ ಜನ ಯಾತರ ಪೂಜೆ ಮಾಡುತ್ತಿದ್ದಾರೆ ಎಂದುಕೊಳ್ಳುತ್ತಿದ್ದರು. ಅತ್ತೆ ಸುಣ್ಣದ ಕತೆಯನ್ನು ತಾವೇ ಹೇಳಿ, ತಾವೇ ನಕ್ಕು, ಕಂಬಳಿ ಎಳೆದುಕೊಂಡರು. ಗ್ಯಾಸ್ ಯಾವಾಗ ಮುಗಿಯಿತೋ ಯಾರೂ ನೋಡಲಿಲ್ಲ. ಬೆಳಿಗ್ಗೆ ಎದ್ದಾಗ ಆರಿತ್ತು. ಅತ್ತೆ ಜಾಲರಿಯ ಮೇಲೆ ಅಂಗೈ ಇಟ್ಟು, ತಣ್ಣಗಿದೆ ಎಂದು ಖಾತ್ರಿ ಮಾಡಿಕೊಂಡು, "ಏಳಿ ಈಗ" ಎಂದರು.

ಹಾಗಾಗಿ ಕೆ.ಆರ್. ನಗರದ ತಮ್ಮನಿಗೆ ನಾನು ಹೇಳುವುದು ಇಷ್ಟು. ಕೊಳ್ಳಬೇಡ. ಸಿಲಿಂಡರ್ ಸೇರಿಸಿದರೆ ಅದನ್ನು ಹೊರಲು ಇಬ್ಬರು ಬೇಕು. ಮೂರು ಕಲ್ಲು ಎಲ್ಲ ಹೊಳೆಯ ದಂಡೆಯಲ್ಲೂ ಇರುತ್ತವೆ, ಹೊರುವ ಕೆಲಸವಿಲ್ಲ. ಗಾಳಿ ಬಂದರೆ ಆರುತ್ತದೆ. ಕೆಳಗೆ ಇಳಿಯುವ ಜಿಡ್ಡಿನ ತಟ್ಟೆಗೆ ಸುತ್ತಲ ಊರಿನ ನಾಯಿಗಳೆಲ್ಲ ಬರುತ್ತವೆ. ಮಳೆಗಾಲದಲ್ಲಿ ತುಕ್ಕು. ಕಣ್ಣಿಗೆ ಹೊಗೆ ಬರುವುದಿಲ್ಲ ನಿಜ, ಆದರೆ ಹೊಗೆ ಇಲ್ಲದಿದ್ದರೆ ಕಣ್ಣು ಒರೆಸಿಕೊಳ್ಳಲು ಬೇರೆ ಕಾರಣ ಹೇಳಬೇಕಾಗುತ್ತದೆ.

ನಮ್ಮದನ್ನು ಕೊಡುತ್ತೀಯಾ ಎಂದು ಮಾತ್ರ ಕೇಳಬಾರದು. ಅದು ಕೊಡುವುದಕ್ಕಲ್ಲ, ಬರುವ ಯುಗಾದಿಗೆ ಬೇಕು. ಹೊಸದೊಂದು ಕಾಲನ್ನು ಹುಣಸೂರಿನ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿ ತರುತ್ತೇನೆ ಎಂದ ಚಿಕ್ಕಸ್ವಾಮಿ. ಬೇಡ, ಅದು ಎಲ್ಲೋ ಭದ್ರವಾಗಿದೆ ಎಂದೆ.

ಪೆಟ್ಟಿಗೆಯನ್ನು ಒರೆಸಿ ಅಟ್ಟದ ಮೇಲೆ ಇಟ್ಟಿದ್ದೇನೆ. ಮುಚ್ಚಳ ಇದೆ. ಜಾಲರಿ ಇದೆ. ಪೈಪು ಇದೆ. ಕಾಲು ಮೂರೇ ಇವೆ. ನಾಲ್ಕನೆಯದು ಇನ್ನೂ ಸಿಕ್ಕಿಲ್ಲ.